ಕಡಿಮೆ ಆದಾಯದಲ್ಲಿ ಅಗ್ಗದ ಊರಿಗೆ ಹೋಗುವುದು: ಲೆಕ್ಕದಿಂದ ಲಾರಿಯವರೆಗೆ

ದುಬಾರಿ ಊರು ಬಿಟ್ಟು ಅಗ್ಗದ ಊರಿಗೆ ಹೋಗೋಣ ಎಂದುಕೊಂಡವರು ಮೊದಲು ವಿಚಾರಿಸುವುದು ಮನೆ ಬಾಡಿಗೆ. ಅದು ಇಲ್ಲಿಯ ಅರ್ಧದಷ್ಟೇ ಇದೆ ಎಂದು ಗೊತ್ತಾದರೆ ಆ ಅರ್ಧ ಪೂರ್ತಿ ಉಳಿತಾಯವೇ ಎಂದು ಭಾವಿಸಿ ಸಾಮಾನು ಕಟ್ಟುತ್ತಾರೆ. ಹೋಗಿ ಕೆಲವು ತಿಂಗಳಾದ ಮೇಲೆ ನೋಡಿದರೆ, ಬಾಡಿಗೆಯಲ್ಲಿ ಉಳಿದ ದುಡ್ಡು ಪೆಟ್ರೋಲಿಗೆ, ಕರೆಂಟಿಗೆ, ಹಳೆ ಊರಿಗೆ ಹೋಗಿಬರುವ ಖರ್ಚಿಗೆ ಕರಗಿರುತ್ತದೆ. ಆದಾಯ ಸಾಕಷ್ಟಿದ್ದವರು ಇಂಥ ತಪ್ಪು ಲೆಕ್ಕವನ್ನು ಹೇಗೋ ತಡೆದುಕೊಳ್ಳುತ್ತಾರೆ. ತಿಂಗಳ ಕೊನೆಗೆ ಕೈ ಖಾಲಿಯಾಗುವ ಕುಟುಂಬಕ್ಕೆ ಮತ್ತೆ ಮನೆ ಬದಲಾಯಿಸುವ ಶಕ್ತಿಯೇ ಉಳಿದಿರುವುದಿಲ್ಲ. ಆದ್ದರಿಂದ ಲಾರಿಗೆ ಹೇಳುವ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು. ಅದಕ್ಕೆ ಕನಿಷ್ಠ ನಾಲ್ಕೈದು ತಿಂಗಳು ಇಟ್ಟುಕೊಳ್ಳಿ.

ಮೂರು ತಿಂಗಳ ಖರ್ಚು ಬರೆಯಿರಿ

ಅಂದಾಜು ಬೇಡ. ಮೂರು ತಿಂಗಳು ಪೂರ್ತಿ, ಕೈಯಿಂದ ಹೋದ ಪ್ರತಿ ಖರ್ಚನ್ನೂ ಬರೆದಿಡಿ. ವರ್ಷಕ್ಕೊಮ್ಮೆ ಬರುವ ವಿಮೆ ಕಂತು, ಶಾಲಾ ಶುಲ್ಕ, ವಾಹನದ ತೆರಿಗೆ ಇವನ್ನು 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಿ. ಇದನ್ನು ಬಿಟ್ಟವರ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ.

ಆಮೇಲೆ ಖರ್ಚುಗಳನ್ನು ಮೂರು ಗುಂಪು ಮಾಡಿ. ಊರು ಬದಲಾದರೆ ಇಳಿಯುವಂಥವು: ಬಾಡಿಗೆ, ಮನೆ ನಿರ್ವಹಣೆ, ಕೆಲವು ಕಡೆ ತರಕಾರಿ, ಹಾಲು. ಎಲ್ಲಿ ಹೋದರೂ ಅಷ್ಟೇ ಇರುವಂಥವು: ಸಾಲದ ಕಂತು, ವಿಮೆ, ಔಷಧಿ, ಮೊಬೈಲ್ ರೀಚಾರ್ಜ್, ಬಟ್ಟೆ. ಹೊಸ ಊರಿನಲ್ಲಿ ಏರುವಂಥವು: ಓಡಾಟ, ಫ್ಯಾನು ಕೂಲರ್ ಹೀಟರುಗಳ ಕರೆಂಟು, ಟ್ಯಾಂಕರ್ ನೀರು, ತಜ್ಞ ವೈದ್ಯರ ಬಳಿ ಹೋಗಿಬರುವುದು, ಬಂಧುಗಳನ್ನು ನೋಡಲು ಹಳೆ ಊರಿಗೆ ಪ್ರಯಾಣ. ಆದಾಯ ಸಣ್ಣದಿದ್ದಷ್ಟೂ ಎರಡನೇ ಗುಂಪಿನ ಪಾಲು ದೊಡ್ಡದಿರುತ್ತದೆ. ಊರು ಅಗ್ಗವಾದರೂ ಜೀವನ ಅಷ್ಟಾಗಿ ಹಗುರವಾಗದಿರಲು ಇದೇ ದೊಡ್ಡ ಕಾರಣ.

ಒಂದು ಮಾದರಿ ಲೆಕ್ಕ ನೋಡಿ. ತಿಂಗಳ ಆದಾಯವನ್ನು 100 ಪಾಲು ಎಂದಿಟ್ಟುಕೊಳ್ಳೋಣ. ಈಗ ಬಾಡಿಗೆ 40, ಊಟ ದಿನಸಿ 25, ಓಡಾಟ 8, ಕರೆಂಟು ನೀರು ಇಂಧನ 6, ಔಷಧಿ 5, ಫೋನು ಇಂಟರ್ನೆಟ್ 3, ಸಾಲದ ಕಂತು 8, ಇತರೆ 5. ಒಟ್ಟು 100, ಉಳಿತಾಯ ಸೊನ್ನೆ. ಹೊಸ ಊರಿನ ಹೊರವಲಯದಲ್ಲಿ ಬಾಡಿಗೆ 20ಕ್ಕೇ ಮನೆ ಸಿಗುತ್ತದೆ. ಆದರೆ ಅಲ್ಲಿಂದ ಎಲ್ಲಕ್ಕೂ ಗಾಡಿ ಬೇಕು, ಓಡಾಟ 15 ಆಗುತ್ತದೆ. ಕರೆಂಟು ನೀರು 9, ದಿನಸಿ 24, ಹಳೆ ಊರಿಗೆ ಹೋಗಿಬರಲು 4. ಔಷಧಿ, ಫೋನು, ಕಂತು, ಇತರೆ ಹಾಗೆಯೇ. ಒಟ್ಟು 93. ಬಾಡಿಗೆ 20 ಪಾಲು ಇಳಿದರೂ ಉಳಿದದ್ದು 7 ಮಾತ್ರ.

ಅದೇ ಊರಿನಲ್ಲಿ ಪೇಟೆ, ಬಸ್ ನಿಲ್ದಾಣ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿದರೆ ಬಾಡಿಗೆ 26 ಎಂದಿಟ್ಟುಕೊಳ್ಳಿ, ಓಡಾಟ 7ಕ್ಕೆ ಇಳಿಯುತ್ತದೆ. ಒಟ್ಟು 91, ಉಳಿಕೆ 9. ಬಾಡಿಗೆ ಹೆಚ್ಚು ಕೊಟ್ಟ ಮನೆಯೇ ಇಲ್ಲಿ ಅಗ್ಗ. ಗಾಡಿ ಕೆಟ್ಟರೆ ರಿಪೇರಿ, ಟೈರು, ಗಾಡಿಯ ವಿಮೆ ಇವೂ ಹೊರವಲಯದ ಮನೆಗೇ ಅಂಟಿಕೊಂಡ ಖರ್ಚುಗಳು. ಕಡಿಮೆ ಆದಾಯದವರಿಗೆ ನಮ್ಮ ಸಲಹೆ ಸ್ಪಷ್ಟ: ದೊಡ್ಡ ಮನೆ, ದೂರದ ಜಾಗ ಬೇಡ. ಚಿಕ್ಕ ಮನೆ, ನಡೆದು ಹೋಗುವ ಜಾಗ ಹುಡುಕಿ.

ದೂರದ ಲೆಕ್ಕ ಕಣ್ಣಿಗೆ ಕಾಣುವಂತೆ ಬರೆದುಕೊಳ್ಳಬೇಕು. ಕೆಲಸಕ್ಕೆ ಒಂದು ಕಡೆಗೆ 25 ಕಿಲೋಮೀಟರ್, ತಿಂಗಳಿಗೆ 22 ದಿನ ಎಂದರೆ 1,100 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಕೊಡುವ ಬೈಕಿಗೆ ಸುಮಾರು 24 ಲೀಟರ್ ಪೆಟ್ರೋಲ್, ಲೀಟರಿಗೆ 15 ಕೊಡುವ ಕಾರಿಗೆ 73 ಲೀಟರ್. ಒಂದು ಕಡೆಗೆ 45 ನಿಮಿಷವಾದರೆ ತಿಂಗಳಿಗೆ 33 ಗಂಟೆ ದಾರಿಯಲ್ಲೇ ಹೋಗುತ್ತದೆ. ಆ ಹೊತ್ತಿನಲ್ಲಿ ನೀವು ದುಡಿಯುವಂತಿದ್ದರೆ ಅದೂ ಖರ್ಚೇ.

ಹಾಕಿದ ದುಡ್ಡು ಯಾವಾಗ ಮರಳುತ್ತದೆ

ಮನೆ ಬದಲಾಯಿಸಲು ಆಗುವ ಒಟ್ಟು ಖರ್ಚನ್ನು ತಿಂಗಳ ಉಳಿತಾಯದಿಂದ ಭಾಗಿಸಿ. ಮೇಲಿನ ಮಾದರಿಯಲ್ಲೇ ಲಾರಿ ಮತ್ತು ಕೂಲಿ 45 ಪಾಲು, ಅರ್ಧ ತಿಂಗಳು ಎರಡೂ ಮನೆ ಕೈಯಲ್ಲಿರುವುದರಿಂದ ಹಳೆ ಮನೆಯ ಬಾಡಿಗೆ 20, ನೋಡಿಬರುವ ಖರ್ಚು 15, ಹಳೆ ಮನೆಯ ಸುಣ್ಣಬಣ್ಣ, ಸಣ್ಣ ರಿಪೇರಿಗೆ 10, ಹೊಸ ಮನೆಗೆ ಪರದೆ, ಬಲ್ಬು, ನೀರಿನ ಫಿಲ್ಟರ್, ಬೀಗ ಇತ್ಯಾದಿಗೆ 15. ಒಟ್ಟು 105. ಹೊರವಲಯದ ಮನೆಗಾದರೆ ಇದು 15 ತಿಂಗಳಲ್ಲಿ ಮರಳುತ್ತದೆ, ಪೇಟೆ ಹತ್ತಿರದ ಮನೆಗಾದರೆ 12 ತಿಂಗಳಿಗೂ ಸ್ವಲ್ಪ ಮೊದಲು. ಒಂದು ವರ್ಷದೊಳಗೆ ಮರಳುವುದಾದರೆ ಧೈರ್ಯವಾಗಿ ಹೋಗಬಹುದು. ಒಂದೂವರೆ ವರ್ಷ ದಾಟುವುದಾದರೆ ನಿಲ್ಲಿ. ಅಷ್ಟರಲ್ಲಿ ಬಾಡಿಗೆ ಏರಬಹುದು, ಮನೆ ಮಾಲೀಕರು ಬಿಡಿಸಬಹುದು, ಆಗ ಮಾಡಿದ ಖರ್ಚು ಮಣ್ಣುಪಾಲು.

ಅಡ್ವಾನ್ಸ್ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ಮರಳಿ ಬರುವ ದುಡ್ಡು. ಆದರೆ ಹೊಸ ಮನೆಯವರಿಗೆ ಅದನ್ನು ಮೊದಲೇ ಕೊಡಬೇಕು, ಹಳೆ ಮನೆಯವರು ಕೀಲಿಕೈ ತೆಗೆದುಕೊಂಡ ಮೇಲಷ್ಟೇ ವಾಪಸ್ ಕೊಡುತ್ತಾರೆ. ನಡುವಿನ ಆ ಕೆಲವು ವಾರ ಎರಡೂ ಅಡ್ವಾನ್ಸ್ ನಿಮ್ಮ ಕೈಯಿಂದ ಹೊರಗಿರುತ್ತವೆ. ಬಡ್ಡಿ ಸಾಲಕ್ಕೆ ಜನ ಕೈಹಾಕುವುದು ಬಹುತೇಕ ಈ ವಾರಗಳಲ್ಲೇ. ಅಡ್ವಾನ್ಸಿನಲ್ಲಿ ಕೊನೆಯ ತಿಂಗಳ ಬಾಡಿಗೆ ಹಿಡಿದುಕೊಳ್ಳುವಿರಾ ಎಂದು ಹಳೆ ಮಾಲೀಕರನ್ನು ಎರಡು ತಿಂಗಳ ಮೊದಲೇ ಕೇಳಿ ನೋಡಿ. ಮನೆ ಚೆನ್ನಾಗಿಟ್ಟುಕೊಂಡವರಿಗೆ ಅನೇಕರು ಒಪ್ಪುತ್ತಾರೆ.

ಇದೆಲ್ಲ ಕಳೆದು, ಹೊಸ ಊರಿನ ಮೂರು ತಿಂಗಳ ಖರ್ಚು ಮತ್ತು ವಾಪಸ್ ಬರುವುದಕ್ಕೆ ಬೇಕಾಗುವ ದುಡ್ಡು ಬೇರೆ ಖಾತೆಯಲ್ಲಿ ಇರಬೇಕು. ಅದು ಇಲ್ಲದಿದ್ದರೆ ಹೊರಡುವ ದಿನವನ್ನು ಮುಂದಕ್ಕೆ ಹಾಕಿ ಕೂಡಿಸಿ. ಮರಳಿ ಬರುವ ದಾರಿ ಇದ್ದಾಗ ಮಾತ್ರ ಮನೆ ಮಾಲೀಕರ ಜೊತೆ, ಕೆಲಸ ಕೊಡುವವರ ಜೊತೆ ಗಟ್ಟಿಯಾಗಿ ಮಾತಾಡಲು ಸಾಧ್ಯ.

ಆದಾಯ ಜೊತೆಗೆ ಬರುತ್ತದೆಯೇ

ಪಿಂಚಣಿ ಎಲ್ಲಿಗಾದರೂ ಬರುತ್ತದೆ. ಮನೆಯಿಂದ ಮಾಡುವ ಕೆಲಸವೂ ಬರಬಹುದು. ಆದರೆ ಊರು ಬದಲಾದರೆ ಸಂಬಳ ಕಡಿಮೆ ಮಾಡುವ ಕಂಪನಿಗಳಿವೆ, ವಾರಕ್ಕೊಮ್ಮೆ ಕಚೇರಿಗೆ ಬನ್ನಿ ಎಂದು ನಂತರ ಕರೆಯುವವೂ ಇವೆ. ಬಾಯಿಮಾತಿನ ಒಪ್ಪಿಗೆ ಸಾಲದು. ಯಾವ ಊರಿನಿಂದ, ಎಷ್ಟು ಕಾಲ, ಎಷ್ಟು ಸಂಬಳಕ್ಕೆ ಎಂಬುದು ಇಮೇಲಿನಲ್ಲಾದರೂ ಬರಲಿ.

ದಿನಗೂಲಿ, ಹೊಲಿಗೆ, ಮನೆಪಾಠ, ರಿಪೇರಿ ಕೆಲಸ ಮಾಡುವವರಿಗೆ ಗಿರಾಕಿಗಳು ಊರಿನ ಜೊತೆಗೇ ಉಳಿದುಬಿಡುತ್ತಾರೆ. ಲೆಕ್ಕ ಹಾಕುವಾಗ ಮೊದಲ ಮೂರು ತಿಂಗಳಿಗೆ ಆ ಆದಾಯ ಸೊನ್ನೆ, ಮುಂದಿನ ಮೂರು ತಿಂಗಳಿಗೆ ಅರ್ಧ ಎಂದು ಹಿಡಿಯಿರಿ. ಮನೆಯಲ್ಲಿ ಇಬ್ಬರು ದುಡಿಯುತ್ತಿದ್ದರೆ ಎರಡನೆಯವರ ಕೆಲಸ ಏನಾಗುತ್ತದೆ ಎಂಬುದನ್ನು ಮೊದಲು ಬಗೆಹರಿಸಿ. ಬಾಡಿಗೆಯಲ್ಲಿ ಉಳಿಯುವುದಕ್ಕಿಂತ ಆ ಸಂಬಳ ದೊಡ್ಡದಿದ್ದರೆ ಮುಂದಿನ ಲೆಕ್ಕವೇ ಬೇಕಿಲ್ಲ.

ಸರ್ಕಾರದ ನೆರವು ಪಡೆಯುವವರು ಇನ್ನೊಂದು ವಿಚಾರ ಕೇಳಿಕೊಳ್ಳಬೇಕು. ಪಡಿತರ, ಮನೆ ಬಾಡಿಗೆ ನೆರವು, ಅಂಗವಿಕಲರ ಭತ್ಯೆ, ಉಚಿತ ಚಿಕಿತ್ಸೆ ಇವುಗಳಲ್ಲಿ ಹಲವು ವಾಸಸ್ಥಳಕ್ಕೆ ಕಟ್ಟಿಕೊಂಡಿರುತ್ತವೆ. ಗಡಿ ದಾಟಿದರೆ ಕೆಲವು ವರ್ಗಾವಣೆಯಾಗುತ್ತವೆ, ಕೆಲವಕ್ಕೆ ಹೊಸದಾಗಿ ಅರ್ಜಿ ಹಾಕಬೇಕು, ಕೆಲವಕ್ಕೆ ಹೊಸ ಜಾಗದಲ್ಲಿ ಇಂತಿಷ್ಟು ಕಾಲ ವಾಸವಿದ್ದ ದಾಖಲೆ ಕೇಳುತ್ತಾರೆ. ಎರಡೂ ಕಡೆಯ ಕಚೇರಿಗಳಲ್ಲಿ ಇದೇ ಪ್ರಶ್ನೆ ಕೇಳಿ: ಹಳೆಯದು ಯಾವ ದಿನ ನಿಲ್ಲುತ್ತದೆ, ಹೊಸದು ಯಾವ ದಿನ ಶುರುವಾಗುತ್ತದೆ? ನಡುವಿನ ತಿಂಗಳುಗಳ ದುಡ್ಡು ನಿಮ್ಮ ಕೈಯಲ್ಲಿರಬೇಕು.

ದುಡ್ಡಿನ ರೂಪದಲ್ಲಿ ಕಾಣದ ಆದಾಯವೂ ಒಂದಿದೆ. ಮಗುವನ್ನು ನೋಡಿಕೊಳ್ಳುವ ಅತ್ತಿಗೆ, ಜ್ವರ ಬಂದಾಗ ಊಟ ಕಳಿಸುವ ಪಕ್ಕದ ಮನೆಯವರು, ತಿಂಗಳ ಕೊನೆಯಲ್ಲಿ ಕಡ ಕೊಡುವ ಅಂಗಡಿಯವರು. ಹೊಸ ಊರಿನಲ್ಲಿ ಇದನ್ನೆಲ್ಲ ಕೂಲಿ ಕೊಟ್ಟು ಪಡೆಯಬೇಕಾದರೆ ಎಷ್ಟಾಗುತ್ತದೆ ಎಂದು ಬರೆದು ಖರ್ಚಿನ ಪಟ್ಟಿಗೆ ಸೇರಿಸಿ. ಚಿಕ್ಕ ಮಗು ಇದ್ದು ದುಡಿಯುವ ಒಂಟಿ ತಾಯಿಗೆ ಈ ಒಂದು ಸಾಲೇ ಇಡೀ ಲೆಕ್ಕವನ್ನು ತಿರುಗಿಸುತ್ತದೆ. ಹಾಗೆಯೇ ದೊಡ್ಡ ಚಿಕಿತ್ಸೆಯ ನಡುವೆ, ಮಕ್ಕಳ ಅಂತಿಮ ಪರೀಕ್ಷೆಯ ವರ್ಷದಲ್ಲಿ, ನ್ಯಾಯಾಲಯದ ವ್ಯಾಜ್ಯ ನಡೆಯುತ್ತಿರುವಾಗ ಊರು ಬಿಡಬೇಡಿ.

ಆ ಊರು ಅಗ್ಗ ಏಕೆ

ಅಗ್ಗಕ್ಕೆ ಕಾರಣ ಇದ್ದೇ ಇರುತ್ತದೆ, ಅದು ಗೊತ್ತಾಗುವವರೆಗೆ ಮನೆ ಹಿಡಿಯಬೇಡಿ. ದೊಡ್ಡ ಕಾರ್ಖಾನೆ ಮುಚ್ಚಿ ಜನ ಹೊರಟುಹೋದ ಊರು ಪಿಂಚಣಿಯವರಿಗೆ ಆದೀತು, ಕೆಲಸ ಹುಡುಕುವವರಿಗೆ ಆಗದು. ಬೇಸಿಗೆಯಲ್ಲಿ ನೀರಿಲ್ಲದ್ದು, ಮಳೆಗಾಲದಲ್ಲಿ ನೆರೆ ಬರುವುದು, ರಸ್ತೆ ಕಡಿದುಹೋಗುವುದು ಕಾರಣವಾದರೆ ಆ ತಿಂಗಳುಗಳಲ್ಲಿ ಉಳಿತಾಯವೆಲ್ಲ ಹೋಗುತ್ತದೆ. ಪ್ರವಾಸಿಗರು ಬರುವ ಜಾಗಗಳಲ್ಲಿ ಜನ ಬಾರದ ತಿಂಗಳಲ್ಲಿ ಕೇಳಿದ ಬಾಡಿಗೆ, ಸೀಸನ್ ಬಂದಾಗ ಏರಬಹುದು. ಹೊಸ ಹೆದ್ದಾರಿ, ವಿಶ್ವವಿದ್ಯಾಲಯ, ಕೈಗಾರಿಕಾ ಪ್ರದೇಶ ಬರುತ್ತಿರುವ ಊರು ಇವತ್ತು ಅಗ್ಗ, ಎರಡು ವರ್ಷಕ್ಕೆ ಅಲ್ಲ. ದೊಡ್ಡ ನಗರದಿಂದ ದೂರವಿರುವುದೊಂದೇ ಕಾರಣವಾಗಿದ್ದು, ಊರಿನೊಳಗೇ ಶಾಲೆ, ಆಸ್ಪತ್ರೆ, ಸಂತೆ, ಬಸ್ಸು ಇರುವ ಮಧ್ಯಮ ಗಾತ್ರದ ಪಟ್ಟಣಗಳೇ ಕಡಿಮೆ ಆದಾಯದವರಿಗೆ ಹೆಚ್ಚು ಹೊಂದುತ್ತವೆ. ಹಳ್ಳಿ ಇನ್ನೂ ಅಗ್ಗ ಎನ್ನಿಸಿದರೂ ಓಡಾಟ ಆ ಅಂತರವನ್ನು ತಿಂದುಹಾಕುತ್ತದೆ.

ಆಸ್ಪತ್ರೆಯ ವಿಚಾರಕ್ಕೆ ಸ್ವಲ್ಪ ಹೊತ್ತು ಕೊಡಿ. ಕಟ್ಟಡ ಇದ್ದರೆ ಸಾಲದು. ರಾತ್ರಿ ವೈದ್ಯರಿರುತ್ತಾರೆಯೇ, ಸಿಟಿ ಸ್ಕ್ಯಾನ್ ಇದೆಯೇ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಇರುವ ಆಸ್ಪತ್ರೆ ಮೂರು ಗಂಟೆ ದೂರವಿದ್ದರೆ ಆ ಅವಕಾಶ ಬಹುತೇಕ ಕೈತಪ್ಪಿದಂತೆ. ಡಯಾಲಿಸಿಸ್ ವಾರಕ್ಕೆ ಮೂರು ಸಲ ಎಂದರೆ ತಿಂಗಳಿಗೆ 13 ಸಲ ಹೋಗಿಬರಬೇಕು. ಕೇಂದ್ರ 40 ಕಿಲೋಮೀಟರ್ ದೂರವಿದ್ದರೆ 1,040 ಕಿಲೋಮೀಟರ್. ಇನ್ಸುಲಿನ್ ಬಳಸುವವರು ಕರೆಂಟ್ ಹೋಗುವ ಅವಧಿ ವಿಚಾರಿಸಬೇಕು, ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ್ದು. ಆರೋಗ್ಯ ವಿಮೆ ಇದ್ದರೆ ಅದನ್ನು ಒಪ್ಪುವ ಆಸ್ಪತ್ರೆ ಆ ಊರಿನಲ್ಲಿ ಇದೆಯೇ ಎಂದು ವಿಮಾ ಕಂಪನಿಯ ಪಟ್ಟಿಯಲ್ಲಿ ನೋಡಿ, ಆಮೇಲೆ ಆಸ್ಪತ್ರೆಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಪಟ್ಟಿಯಲ್ಲಿದ್ದೂ ಒಪ್ಪದಿರುವುದು ಉಂಟು.

ಹೋಗಿ, ಇದ್ದು, ನೋಡುವುದು

ಒಂದು ದಿನ ಹೋಗಿ ಮನೆ ನೋಡಿ ಬಂದರೆ ಊರು ಗೊತ್ತಾಗುವುದಿಲ್ಲ. ಏಳರಿಂದ ಹತ್ತು ದಿನ ಒಂದು ಸಾಧಾರಣ ಕೋಣೆ ಹಿಡಿದು ಇರಿ. ಹೋಗಬೇಕಾದ್ದು ಆ ಊರಿನ ಅತಿ ಕೆಟ್ಟ ತಿಂಗಳಲ್ಲಿ: ಬಿಸಿಲೂರಿಗೆ ಕಡುಬೇಸಿಗೆಯಲ್ಲಿ, ಮಳೆಯೂರಿಗೆ ಜಡಿಮಳೆಯಲ್ಲಿ, ಚಳಿಯೂರಿಗೆ ಚಳಿಯ ನಡುವೆ. ಆಗ ಬದುಕಬಹುದು ಅನ್ನಿಸಿದರೆ ಉಳಿದ ತಿಂಗಳಿಗೆ ಹೆದರಬೇಕಿಲ್ಲ.

ಅಲ್ಲಿದ್ದಷ್ಟು ದಿನ ಪ್ರವಾಸಿಯಂತೆ ತಿರುಗಬೇಡಿ. ನಿಮ್ಮ ಮಾಮೂಲಿ ವಾರದ ದಿನಸಿಯನ್ನು ಪೂರ್ತಿ ಕೊಂಡು ಬಿಲ್ಲನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ದೂರದ ಊರುಗಳಲ್ಲಿ ಸ್ಥಳೀಯವಾಗಿ ಬೆಳೆಯುವುದು ಅಗ್ಗ, ಹೊರಗಿನಿಂದ ಬರುವ ಪ್ಯಾಕೆಟ್ ಸಾಮಾನು, ಔಷಧಿ ಅಂಗಡಿಯ ಸಾಮಾನು ಅಷ್ಟೇ ಅಥವಾ ಹೆಚ್ಚು. ಬೆಳಿಗ್ಗೆ ಎಂಟು ಗಂಟೆಯ ಬಸ್ಸಿನಲ್ಲಿ ನಿಂತು ಹೋಗಿ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ವೇಳಾಪಟ್ಟಿಯಲ್ಲಿ ನೋಡಿದ್ದಕ್ಕೆ ತೃಪ್ತರಾಗದೆ ಒಂದು ದಿನ ಅದರಲ್ಲೇ ಬನ್ನಿ. ನೀವು ತೆಗೆದುಕೊಳ್ಳುವ ಔಷಧಿಯ ಚೀಟಿ ಹಿಡಿದು ಎರಡು ಅಂಗಡಿಗೆ ಹೋಗಿ, ಎಲ್ಲವೂ ಸಿಗುತ್ತದೆಯೇ ಎಂದು ಕೇಳಿ.

ಮನೆಯನ್ನು ಎರಡು ಸಲ ನೋಡಿ, ಒಮ್ಮೆ ಬೆಳಿಗ್ಗೆ ಆರಕ್ಕೆ, ಒಮ್ಮೆ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ನೀರಿನ ಒತ್ತಡ ತಿಳಿಯುತ್ತದೆ. 10 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ ಚೆನ್ನ, ಮೂರು ನಿಮಿಷ ದಾಟಿದರೆ ಸ್ನಾನದ ಶವರು, ವಾಷಿಂಗ್ ಮೆಷಿನ್ನಿಗೆ ತೊಂದರೆ. ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಗೋಡೆ, ಮೇಲ್ಚಾವಣಿ ಎಷ್ಟು ಕಾದಿವೆ ಎಂದು ಕೈಯಿಟ್ಟು ನೋಡಬಹುದು. ಚಾವಣಿಯ ಕೆಳಗಿನ ಕೊನೆಯ ಮಹಡಿ ಮನೆಗೆ ಬಾಡಿಗೆ ಕಡಿಮೆ ಇರಲು ಅದೇ ಕಾರಣ, ಅದರ ಬೆಲೆ ಕರೆಂಟ್ ಬಿಲ್ಲಿನಲ್ಲಿ ಬರುತ್ತದೆ.

ಕುಡಿಯುವ ನೀರಿಗೆ ಚಿಕ್ಕ ಟಿಡಿಎಸ್ ಮೀಟರ್ ಒಯ್ಯಿರಿ, ನೀರಿನಲ್ಲಿ ಲವಣಗಳು ಎಷ್ಟು ಕರಗಿವೆ ಎಂದು ತೋರಿಸುತ್ತದೆ. ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ರುಚಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, 1,000 ದಾಟಿದರೆ ಕುಡಿಯಲಾಗದಷ್ಟು ಒಗರು ಅಥವಾ ಉಪ್ಪು ಅನ್ನಿಸಲು ಶುರುವಾಗುತ್ತದೆ. ಈ ಮೀಟರ್ ರೋಗಾಣು ಇದೆಯೋ ಇಲ್ಲವೋ ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ನಲ್ಲಿಯ ಬಾಯಲ್ಲಿ, ಬಚ್ಚಲ ಹಂಚಿನ ಮೇಲೆ ಬಿಳಿ ಗಟ್ಟಿ ಪದರ ಕಂಡರೆ ಗಡಸು ನೀರು. ಗೀಸರ್, ಕೆಟಲ್ ಬೇಗ ಹಾಳಾಗುತ್ತವೆ, ಸೋಪು ಹೆಚ್ಚು ಹಿಡಿಯುತ್ತದೆ.

ಗೋಡೆಯ ಕೆಳಭಾಗದಲ್ಲಿ ಒಂದೇ ಎತ್ತರಕ್ಕೆ ಹೋಗುವ ಕಲೆ, ಉಬ್ಬಿದ ಬಾಗಿಲ ಅಡಿ, ಹೊಸ ಬಣ್ಣ ಕೆಳಗಿನ ಅರ್ಧಕ್ಕೆ ಮಾತ್ರ ಬಳಿದಿರುವುದು ನೀರು ನುಗ್ಗಿದ ಗುರುತು. ಕಪಾಟು ತೆರೆದು ಮೂಸಿ ನೋಡಿ, ಮುಗ್ಗಲು ವಾಸನೆ ಇದ್ದರೆ ಬಟ್ಟೆಗೂ ಶ್ವಾಸಕೋಶಕ್ಕೂ ಕಷ್ಟ. ಮಾಲೀಕರನ್ನಲ್ಲ, ಎದುರು ಮನೆಯವರನ್ನು ಮತ್ತು ಹತ್ತಿರದ ಅಂಗಡಿಯವರನ್ನು ಕೇಳಿ: ನೀರು ಎಲ್ಲಿಯವರೆಗೆ ಬಂದಿತ್ತು, ಕರೆಂಟ್ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ? ಫ್ರೀಜರ್ ಇಟ್ಟುಕೊಂಡ ಅಂಗಡಿಯವರಿಗೆ ಕರೆಂಟಿನ ಲೆಕ್ಕ ಕರಾರುವಾಕ್ಕಾಗಿ ಗೊತ್ತಿರುತ್ತದೆ.

ಮನೆಯಿಂದ ಕೆಲಸ ಮಾಡುವವರು ಇಂಟರ್ನೆಟ್ ವೇಗವನ್ನು ರಾತ್ರಿ ಎಂಟರಿಂದ ಹತ್ತರ ನಡುವೆ ಪರೀಕ್ಷಿಸಬೇಕು, ಎಲ್ಲರೂ ಬಳಸುವ ಹೊತ್ತು ಅದು. ವಿಡಿಯೋ ಕರೆಗೆ ಎರಡೂ ದಿಕ್ಕಿನಲ್ಲಿ 5 ಎಂಬಿಪಿಎಸ್ ಸಿಕ್ಕರೆ ಸಾಕು, ಅಪ್‌ಲೋಡ್ ವೇಗ ನೋಡುವುದನ್ನು ಮರೆಯಬೇಡಿ. ಬೀದಿಯಲ್ಲಿ ಕೇಬಲ್ ಇದೆ ಎಂದ ಮಾತ್ರಕ್ಕೆ ನಿಮ್ಮ ಮನೆಗೆ ಸಂಪರ್ಕ ಸಿಗುತ್ತದೆ ಎಂದಲ್ಲ. ಸಂಪರ್ಕ ಕೊಡುವವರಿಗೆ ಮನೆಯ ವಿಳಾಸ ಹೇಳಿ ಒಪ್ಪಿಗೆ ಪಡೆಯಿರಿ.

ಮನೆ ಹಿಡಿಯುವಾಗ

ಮೊದಲ ವರ್ಷ ಮನೆ ಕೊಳ್ಳಬೇಡಿ. ಕಡಿಮೆ ಬೆಲೆಗೆ ಕೊಂಡದ್ದು ಮಾರುವಾಗಲೂ ಕಡಿಮೆಗೇ ಹೋಗುತ್ತದೆ, ಕೊಳ್ಳುವವರೂ ಬೇಗ ಸಿಗುವುದಿಲ್ಲ, ನೋಂದಣಿಯ ಖರ್ಚಂತೂ ಮರಳದು. ಎಲ್ಲ ಕಾಲಗಳನ್ನೂ ಬಾಡಿಗೆ ಮನೆಯಲ್ಲೇ ಕಳೆದು ನೋಡಿ.

ಕಣ್ಣಾರೆ ಕಾಣದ ಮನೆಗೆ ಒಂದು ಕಾಸೂ ಕಳಿಸಬಾರದು. ಮೋಸದ ಜಾಹೀರಾತಿಗೆ ಒಂದು ಚಹರೆ ಇದೆ: ಆ ಬೀದಿಯ ಉಳಿದ ಮನೆಗಳಿಗಿಂತ ಬಾಡಿಗೆ ತೀರಾ ಕಡಿಮೆ, ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಇನ್ನೊಬ್ಬರು ಕೇಳುತ್ತಿದ್ದಾರೆ, ಇವತ್ತೇ ಟೋಕನ್ ಕಳಿಸಿ. ಫೋಟೋಗಳನ್ನು ಚಿತ್ರದ ಮೂಲಕ ಹುಡುಕುವ ಸೌಲಭ್ಯದಲ್ಲಿ ಹಾಕಿ ನೋಡಿದರೆ ಬೇರೆ ಊರಿನ ಮನೆಯ ಜಾಹೀರಾತು ಸಿಗುವುದುಂಟು. ಎದುರಿಗೆ ನಿಂತವರು ನಿಜವಾಗಿ ಮಾಲೀಕರೇ ಎಂದು ತಿಳಿಯಲು ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಗುರುತಿನ ಚೀಟಿ ಮೂರರಲ್ಲೂ ಹೆಸರು ತಾಳೆ ನೋಡಿ. ಅಡ್ವಾನ್ಸನ್ನು ಆ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿ.

ಕರಾರಿನಲ್ಲಿ ಇರಬೇಕಾದವು: ಎಷ್ಟು ತಿಂಗಳು, ನವೀಕರಣದಲ್ಲಿ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ, ಎರಡೂ ಕಡೆಗೆ ನೋಟಿಸ್ ಅವಧಿ, ಅಡ್ವಾನ್ಸ್ ಎಷ್ಟು ದಿನದೊಳಗೆ ಮರಳುತ್ತದೆ, ಯಾವುದಕ್ಕೆ ಹಿಡಿದುಕೊಳ್ಳಬಹುದು, ನೀರಿನ ಮೋಟಾರ್, ಕೊಳಾಯಿ, ವೈರಿಂಗ್ ರಿಪೇರಿ ಯಾರ ಖರ್ಚು. ನೋಟಿಸ್ ಅವಧಿ ಒಂದೇ ತಿಂಗಳಿದ್ದರೆ ಎರಡಕ್ಕೆ ಕೇಳಿ. ಪರ ಊರಿನಲ್ಲಿ ಒಂದು ತಿಂಗಳಲ್ಲಿ ಇನ್ನೊಂದು ಮನೆ ಹುಡುಕುವುದು ಹೊಸಬರಿಗೆ ಸುಲಭವಲ್ಲ. ಆದಾಯ ಕಡಿಮೆ ಎಂದು ಮಾಲೀಕರು ಹಿಂಜರಿದರೆ ಆರು ತಿಂಗಳ ಬ್ಯಾಂಕ್ ವಿವರ, ಪಿಂಚಣಿ ಆದೇಶ, ಬಾಡಿಗೆ ತಪ್ಪದೆ ಕಟ್ಟಿದ್ದಾರೆ ಎಂದು ಹಳೆ ಮಾಲೀಕರು ಬರೆದ ಒಂದು ಪತ್ರ ತೋರಿಸಿ. ಇವನ್ನು ಊರು ಬಿಡುವ ಮೊದಲೇ ಸಂಗ್ರಹಿಸಿ ಇಟ್ಟುಕೊಂಡಿರಬೇಕು.

ಕೀಲಿಕೈ ಸಿಕ್ಕ ದಿನ, ಸಾಮಾನು ಒಳಗೆ ತರುವ ಮೊದಲು, ಪ್ರತಿ ಕೋಣೆಯನ್ನೂ ವಿಡಿಯೋ ಮಾಡಿ. ಬಿರುಕು, ಕಲೆ, ಒಡೆದ ಹಂಚು, ಕರೆಂಟ್ ಮೀಟರಿನ ಅಂಕಿ ಎಲ್ಲವೂ ಬರಲಿ. ಅದನ್ನು ಅದೇ ದಿನ ಮಾಲೀಕರಿಗೆ ಕಳಿಸಿ. ಹಳೆ ಮನೆ ಬಿಡುವಾಗಲೂ ಹೀಗೆಯೇ.

ಸಾಮಾನು: ಏನು ಒಯ್ಯಬೇಕು, ಏನು ಮಾರಬೇಕು

ಲಾರಿಯಲ್ಲಿ ದುಡ್ಡು ಕೊಡುವುದು ಜಾಗಕ್ಕೆ. ಪ್ರತಿ ದೊಡ್ಡ ವಸ್ತುವಿನ ಉದ್ದ, ಅಗಲ, ಎತ್ತರವನ್ನು ಮೀಟರಿನಲ್ಲಿ ಅಳೆದು ಗುಣಿಸಿ. 2 ಮೀಟರ್ ಉದ್ದ, 0.9 ಅಗಲ, 0.9 ಎತ್ತರದ ಸೋಫಾ 1.62 ಘನ ಮೀಟರ್ ಆಗುತ್ತದೆ. 14 ಘನ ಮೀಟರ್ ಹಿಡಿಸುವ ಲಾರಿಯಲ್ಲಿ ಅದೊಂದೇ ಸುಮಾರು ಶೇಕಡಾ 12 ಜಾಗ ತಿನ್ನುತ್ತದೆ, ಅಂದರೆ ಬಾಡಿಗೆಯ ಎಂಟನೇ ಒಂದು ಭಾಗ. ಆ ದುಡ್ಡಿಗೆ ಹೊಸ ಊರಿನಲ್ಲಿ ಬಳಸಿದ ಸೋಫಾ ಸಿಗುವುದಾದರೆ ಇದನ್ನು ಇಲ್ಲೇ ಮಾರಿ. ಹೀಗೆ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಮಂಚ, ಸೋಫಾ, ಹಳೆ ಬೀರು ಮಾರುವುದು ಲಾಭ. ಹಾಸಿಗೆ, ಪಾತ್ರೆ, ಹೊಲಿಗೆ ಯಂತ್ರ, ಕೆಲಸದ ಸಲಕರಣೆ ಒಯ್ಯುವುದು ಲಾಭ. ಹೊಸ ಮನೆಯ ಬಾಗಿಲು, ಮೆಟ್ಟಿಲ ತಿರುವಿನ ಅಗಲ ಅಳೆದು ತಂದಿರಬೇಕು. ಫ್ರಿಜ್ಜು ಬಾಗಿಲಲ್ಲಿ ಹಿಡಿಸದೆ ಬೀದಿಯಲ್ಲಿ ನಿಂತರೆ ಕೂಲಿಯವರು ಹೇಳಿದ್ದೇ ರೇಟು.

ಮೂರು ಕಡೆ ಲಾರಿ ದರ ಕೇಳಿ, ಸಾಮಾನಿನ ಪಟ್ಟಿ ಮೂವರಿಗೂ ಒಂದೇ ಕೊಡಿ. ಹೇರುವ, ಇಳಿಸುವ ಕೂಲಿ, ಮಹಡಿ ಹತ್ತಿಸುವುದು, ಟೋಲ್, ಕಾಯುವ ಹೊತ್ತಿನ ಶುಲ್ಕ, ಒಡೆದರೆ ಯಾರ ಹೊಣೆ ಎಲ್ಲವೂ ಬರವಣಿಗೆಯಲ್ಲಿ ಇರಲಿ. ತಿಂಗಳ ಕೊನೆ ಮತ್ತು ಮೊದಲ ವಾರ ಎಲ್ಲರೂ ಮನೆ ಬದಲಾಯಿಸುವ ಕಾಲ, ನಡು ತಿಂಗಳ ವಾರದ ದಿನ ದರ ಇಳಿಯುತ್ತದೆ. ಸರಕು ಇಳಿಸಿ ಖಾಲಿ ಮರಳುವ ಲಾರಿ ಸಿಕ್ಕರೆ ಇನ್ನೂ ಕಡಿಮೆ, ದಿನಾಂಕದಲ್ಲಿ ಎರಡು ಮೂರು ದಿನ ಹಿಂದೆ ಮುಂದೆ ಆಗಬಹುದು ಅಷ್ಟೇ.

ರಟ್ಟಿನ ಪೆಟ್ಟಿಗೆ 15 ಕಿಲೋ ಮೀರಬಾರದು. ಪುಸ್ತಕವನ್ನು ದೊಡ್ಡ ಪೆಟ್ಟಿಗೆಗೆ ತುಂಬಿದರೆ ತಳ ಕಿತ್ತುಬರುತ್ತದೆ. ಸಣ್ಣ ಪೆಟ್ಟಿಗೆ ಬಳಸಿ, ಅಥವಾ ಅರ್ಧ ಪುಸ್ತಕ ತುಂಬಿ ಮೇಲೆ ಬಟ್ಟೆ ಹಾಕಿ. ತಳಕ್ಕೆ ಟೇಪನ್ನು ಎರಡು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಹಚ್ಚಿ. ಕೋಣೆಯ ಹೆಸರನ್ನು ಪೆಟ್ಟಿಗೆಯ ಪಕ್ಕಕ್ಕೆ ಬರೆಯಿರಿ, ಮೇಲೆ ಬರೆದದ್ದು ಒಂದರ ಮೇಲೊಂದು ಪೇರಿಸಿದಾಗ ಕಾಣುವುದಿಲ್ಲ. ತಟ್ಟೆಗಳನ್ನು ಮಲಗಿಸದೆ ನಿಲ್ಲಿಸಿ ಜೋಡಿಸಿದರೆ ಒಡೆಯುವುದು ಕಡಿಮೆ.

ಫ್ರಿಜ್ಜನ್ನು 24 ಗಂಟೆ ಮೊದಲೇ ಆರಿಸಿ ಮಂಜು ಕರಗಿಸಿ, ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಇಳಿಯುತ್ತದೆ. ಅನಿವಾರ್ಯವಾಗಿ ಮಲಗಿಸಿದ್ದರೆ ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಹಚ್ಚಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ನಿಗೆ ಕೊಳ್ಳುವಾಗ ಕೊಟ್ಟ ಉದ್ದ ಬೋಲ್ಟುಗಳನ್ನು ಹಿಂಬದಿಗೆ ಮತ್ತೆ ಹಾಕಬೇಕು, ಇಲ್ಲದಿದ್ದರೆ ಡ್ರಮ್ಮು ಅಲುಗಾಡಿ ಸ್ಪ್ರಿಂಗು ಹಾಳು. ಹೊಸ ಮನೆಯಲ್ಲಿ ಹಚ್ಚುವ ಮೊದಲು ಅವನ್ನು ತೆಗೆಯುವುದು ನೆನಪಿರಲಿ. ಅನಿಲ ಸಿಲಿಂಡರ್, ಪೆಟ್ರೋಲ್, ಪೇಂಟ್ ತಿನ್ನರ್ ಮುಚ್ಚಿದ ಲಾರಿಯಲ್ಲಿ ಹೋಗಲೇಬಾರದು.

ದಾಖಲೆಗಳು, ಒಡವೆ, ಲ್ಯಾಪ್‌ಟಾಪ್, ಎರಡು ತಿಂಗಳ ಔಷಧಿ ಮತ್ತು ವೈದ್ಯರ ಚೀಟಿ ನಿಮ್ಮ ಕೈಚೀಲದಲ್ಲಿ. ಹಾಸಿಗೆ ಹೊದಿಕೆ, ಎರಡು ಪಾತ್ರೆ, ಚಾಕು, ಬಲ್ಬು, ಎಕ್ಸ್‌ಟೆನ್ಷನ್ ವೈರು, ಸೋಪು, ಬೀಗ, ಸ್ಕ್ರೂಡ್ರೈವರ್ ಇರುವ ಒಂದು ಪೆಟ್ಟಿಗೆಯನ್ನು ಕೊನೆಗೆ ಹೇರಿಸಿ, ಆಗ ಮೊದಲು ಇಳಿಯುತ್ತದೆ.

ಕಾಗದಪತ್ರಗಳ ಸರದಿ

ಬಾಡಿಗೆ ಕರಾರು ಮೊದಲು, ಏಕೆಂದರೆ ವಿಳಾಸಕ್ಕೆ ಉಳಿದವರು ಕೇಳುವ ಪುರಾವೆ ಸಾಮಾನ್ಯವಾಗಿ ಅದೇ. ಆಮೇಲೆ ಗುರುತಿನ ಚೀಟಿ, ಬ್ಯಾಂಕು, ವಿಮೆ, ವಾಹನ, ಮತದಾರರ ಪಟ್ಟಿ. ಮಕ್ಕಳ ವರ್ಗಾವಣೆ ಪತ್ರ, ಅಂಕಪಟ್ಟಿ, ಲಸಿಕೆ ದಾಖಲೆ, ನಿಮ್ಮ ಆಸ್ಪತ್ರೆಯ ಹಳೆ ವರದಿಗಳನ್ನು ಹಳೆ ಊರಿನಲ್ಲಿರುವಾಗಲೇ ಪಡೆಯಿರಿ, ಮತ್ತೆ ಬಂದು ಪಡೆಯುವುದಕ್ಕೆ ಒಂದು ಪ್ರಯಾಣದ ಖರ್ಚು. ಹಳೆ ಮೊಬೈಲ್ ಸಂಖ್ಯೆಯನ್ನು ಕನಿಷ್ಠ ಒಂದು ವರ್ಷ ಜೀವಂತವಾಗಿಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತಿರುವಾಗ ಸಂಖ್ಯೆ ರದ್ದಾದರೆ ದುಡ್ಡಿದ್ದೂ ತೆಗೆಯಲಾಗದ ಸ್ಥಿತಿ ಬರುತ್ತದೆ.

ಮೊದಲ ಆರು ತಿಂಗಳು

ಹೊರಡುವ ಮೊದಲು ಹಾಕಿದ ಅಂದಾಜಿನ ಪಕ್ಕದಲ್ಲೇ ಪ್ರತಿ ತಿಂಗಳ ನಿಜ ಖರ್ಚು ಬರೆಯುತ್ತಾ ಹೋಗಿ. ಮೊದಲ ತಿಂಗಳು ಅಂದಾಜು ಮೀರಿಯೇ ಮೀರುತ್ತದೆ, ಬಕೆಟ್ಟಿನಿಂದ ಹಿಡಿದು ಸಂಪರ್ಕ ಶುಲ್ಕದವರೆಗೆ ಎಲ್ಲವೂ ಒಟ್ಟಿಗೆ ಬರುವುದರಿಂದ. ಅದನ್ನು ನೋಡಿ ಎದೆಗುಂದಬೇಡಿ, ಮೂರನೇ ತಿಂಗಳಿನದೇ ನಂಬಬೇಕಾದ ಅಂಕಿ. ಗಾಡಿ, ಇನ್ವರ್ಟರ್, ಕೂಲರ್ ಇಂಥ ದೊಡ್ಡ ಖರೀದಿಗಳನ್ನು ಆ ತಿಂಗಳವರೆಗೆ ತಡೆಯಿರಿ. ಆರಂಭದಲ್ಲಿ ಅತ್ಯಗತ್ಯ ಅನ್ನಿಸಿದ ಎಷ್ಟೋ ವಸ್ತು ಆಮೇಲೆ ಬೇಡವಾಗುತ್ತದೆ.

ಒಂಟಿತನವನ್ನೂ ಖರ್ಚಿನ ಕಣ್ಣಿಂದಲೇ ನೋಡಬೇಕಾಗುತ್ತದೆ. ಮಾತಾಡಲು ಯಾರೂ ಇಲ್ಲದವರು ವಾರ ವಾರ ಹಳೆ ಊರಿಗೆ ಹೋಗುತ್ತಾರೆ, ಉಳಿತಾಯ ಬಸ್ಸಿಗೆ ಸುರಿಯುತ್ತದೆ. ಗ್ರಂಥಾಲಯ, ಪ್ರಾರ್ಥನಾ ಸ್ಥಳ, ಶಾಲೆಯ ಪೋಷಕರ ಸಭೆ, ಬೆಳಗಿನ ನಡಿಗೆಯ ಗುಂಪು, ಎಲ್ಲಾದರೂ ಮೊದಲ ತಿಂಗಳಲ್ಲೇ ಮುಖಪರಿಚಯ ಮಾಡಿಕೊಳ್ಳಿ. ಮುಂದೆ ಕೆಲಸ, ಒಳ್ಳೆಯ ಮನೆ, ನಂಬಿಕಸ್ಥ ಮೆಕ್ಯಾನಿಕ್ ಸಿಗುವುದೂ ಇವರಿಂದಲೇ.

ವಾಪಸ್ ಹೋಗುವ ಷರತ್ತುಗಳನ್ನು ಹೊರಡುವ ಮೊದಲೇ ಮನೆಯವರೆಲ್ಲ ಕೂತು ಬರೆದಿಡಿ: ಆರನೇ ತಿಂಗಳಿಗೆ ಉಳಿತಾಯ ಅಂದಾಜಿನ ಅರ್ಧಕ್ಕೂ ಕಡಿಮೆ ಇದ್ದರೆ, ಎರಡನೆಯವರಿಗೆ ಕೆಲಸ ಸಿಗದಿದ್ದರೆ, ಮನೆಯ ಯಾರಿಗಾದರೂ ಬೇಕಾದ ಚಿಕಿತ್ಸೆ ಅಲ್ಲಿ ಸಿಗದಿದ್ದರೆ. ಈ ನಿರ್ಧಾರದ ದಿನವನ್ನು ಕರಾರಿನ ನವೀಕರಣಕ್ಕಿಂತ ಎರಡು ತಿಂಗಳು ಮೊದಲೇ ಇಟ್ಟುಕೊಂಡರೆ ನೋಟಿಸ್ ಕೊಡಲು ಸಮಯವಿರುತ್ತದೆ, ಅಡ್ವಾನ್ಸ್ ಮುರಿದುಕೊಳ್ಳುವುದು ತಪ್ಪುತ್ತದೆ.